ಬೆನ್ನಿಗೆ ಮಣ್ಣು

ಆ ಊರಿಗೆಲ್ಲ ಇದ್ದದ್ದು ಒಂದೇ ಸಿನಿಮಾ. ಅದನ್ನು ತೋರಿಸಲು ಒಂದು ಬಿಳಿ ಗೋಡೆ.

ಗೋಡೆಗೆ ಯುಗಾದಿಗೊಮ್ಮೆ ಸುಣ್ಣ ಬಳಿಯುತ್ತಿದ್ದರು. ಪ್ರತಿ ಸಂಜೆ, ದನಗಳು ಕೊಟ್ಟಿಗೆ ಸೇರಿದ ಮೇಲೆ, ಅದರ ಮೇಲೆ ಸಿನಿಮಾ ಬಿಡುತ್ತಿದ್ದರು. ಹುಟ್ಟಿದ ಮಗುವನ್ನು ಮೊದಲು ಹೊರಗೆ ತರುತ್ತಿದ್ದದ್ದು ಆ ಗೋಡೆಯ ಮುಂದಕ್ಕೆ. ಮದುವೆಯಾದವರು ಮೊದಲು ಜೊತೆಯಾಗಿ ಕೂರುತ್ತಿದ್ದದ್ದು ಆ ಗೋಡೆಯ ಮುಂದೆ. ಬೇರೆ ಊರುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಜನ ಹಿರಿಯರನ್ನು ಕೇಳುತ್ತಾರಂತೆ. ಆ ಊರಿನಲ್ಲಿ ಕೇಳುತ್ತಿರಲಿಲ್ಲ. ಗೋಡೆಯ ಮೇಲೆ ಆದದ್ದು ಆದದ್ದೇ. ಇದ್ದ ಕಟ್ಟಳೆ ಅದೊಂದೇ.

ಸಿನಿಮಾ ಏನೂ ದೊಡ್ಡದಲ್ಲ. ಒಂದು ಗರಡಿ, ಒಬ್ಬ ಗುರು, ಇಬ್ಬರು ಶಿಷ್ಯರು. ಒಬ್ಬನದು ಬಿಳಿ ಚಡ್ಡಿ, ಇನ್ನೊಬ್ಬನದು ಕೆಂಪು. ಬಿಳಿಯವನು ನಕ್ಕರೆ ಕೊಳಲು ಕೇಳಿಸುತ್ತಿತ್ತು. ಕೆಂಪಿನವನು ನಕ್ಕರೆ ನಗಾರಿ. ಕೆಂಪಿನವನು ಬಿಳಿಯವನ ಹಾಲಿನ ಚೊಂಬನ್ನು ಒದೆಯುತ್ತಾನೆ, ಗುರುವಿಗೆ ಎದುರಾಡುತ್ತಾನೆ, ಊರ ಮುಂದೆ ಸವಾಲು ಹಾಕುತ್ತಾನೆ. ಕೊನೆಗೆ ಗರಡಿಯ ಕೆಂಪು ಮಣ್ಣಿನಲ್ಲಿ ಇಬ್ಬರೂ ಹಿಡಿದಾಡುತ್ತಾರೆ. ಕೆಂಪಿನವನು ಅಂಗಾತ ಬೀಳುತ್ತಾನೆ. ಬೆನ್ನಿಗೆ ಮಣ್ಣು ಹತ್ತುತ್ತದೆ. ಬಿಳಿಯವನ ಬಲಗೈ ಮೇಲೇಳುತ್ತದೆ. ಅಲ್ಲಿಗೆ ಗೋಡೆ ಮತ್ತೆ ಬರೀ ಗೋಡೆಯಾಗುತ್ತದೆ.

ಬಿದ್ದವನು ಎದ್ದದ್ದನ್ನು ಗೋಡೆ ತೋರಿಸಲಿಲ್ಲ. ಆದ್ದರಿಂದ ಅವನು ಎದ್ದಿರಲಿಲ್ಲ.

ಆಡಿದ ಇಬ್ಬರೂ ಅದೇ ಊರಿನ ಹುಡುಗರು. ಸಿನಿಮಾ ಮಾಡುವವರು ಎಲ್ಲಿಂದಲೋ ಬಂದರು, ಗರಡಿಯಲ್ಲಿ ನಿಂತಿದ್ದ ಇಬ್ಬರನ್ನು ಕರೆದರು, ಒಬ್ಬನಿಗೆ ಬಿಳಿ ಬಟ್ಟೆ, ಒಬ್ಬನಿಗೆ ಕೆಂಪು ಬಟ್ಟೆ ಕೊಟ್ಟರು, ಮಾಡಿಕೊಂಡು ಹೋದರು. ಹೋಗುವಾಗ ಸಿನಿಮಾ ಒಂದನ್ನು ಊರಿಗೆ ಬಿಟ್ಟು ಹೋದರು. ಇಬ್ಬರಿಗೂ ಹೆಸರುಗಳಿದ್ದವು. ಆ ಹೆಸರು ಹಿಡಿದು ಕರೆಯುತ್ತಿದ್ದವರು ಅವರ ತಾಯಂದಿರು; ಅವರು ಹೋದ ಮೇಲೆ ಹೆಸರುಗಳೂ ಹೋದವು. ಉಳಿದದ್ದು ಗೆದ್ದವನು ಮತ್ತು ಬಿದ್ದವನು. ಗೋಡೆಯ ಮೇಲೆ ಇಬ್ಬರಿಗೂ ವಯಸ್ಸಾಗಲಿಲ್ಲ. ಗೋಡೆಯ ಈಚೆ ಆಯಿತು.

ಸಿನಿಮಾ ಮುಗಿದ ಮೇಲೆ ಊರು ಮೊದಲು ಗೆದ್ದವನ ಮನೆಗೆ ಹೋಗುತ್ತಿತ್ತು. ಅವನು ಜಗುಲಿಯ ಮೇಲೆ ನಿಂತಿರುತ್ತಿದ್ದ. ಯಾರಾದರೊಬ್ಬರು ಅವನ ಬಲಗೈ ಹಿಡಿದು ಮೇಲೆತ್ತುತ್ತಿದ್ದರು. ಎತ್ತಿದ ಕೈಯನ್ನು, ಜನರೆಲ್ಲ ಬೀದಿಯ ತಿರುವು ದಾಟುವವರೆಗೆ, ಅವನು ಇಳಿಸುವಂತಿರಲಿಲ್ಲ. ಅವನ ಬಲ ಭುಜ ಎಂದೋ ಕೆಟ್ಟಿತ್ತು. ಅನ್ನ ಕಲಸುವುದಕ್ಕೂ ಆ ಕೈ ಬರುತ್ತಿರಲಿಲ್ಲ, ಎಡಗೈಯಲ್ಲೇ ಎಲ್ಲ. ಆದರೆ ಗೆದ್ದವನು ಕೈ ನೋಯುತ್ತದೆ ಎಂದು ಹೇಳುವುದು ಹೇಗೆ? ಗೋಡೆಯ ಮೇಲೆ ಅದು ನೋಯುತ್ತಿರಲಿಲ್ಲ.

ಆಮೇಲೆ ಬಿದ್ದವನ ಮನೆಗೆ. ಗರಡಿಯ ಮಣ್ಣು ಬಾಂಡಲೆಯಲ್ಲಿ ಬರುತ್ತಿತ್ತು. ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಹಾಕಿ ಹದ ಮಾಡಿದ ಮಣ್ಣು. ವಾಸನೆ ಅಡುಗೆ ಮನೆಯ ಹಾಗೆ. ಬಿದ್ದವನು ಅಂಗಿ ಕಳಚಿ, ಬೀದಿಗೆ ಬೆನ್ನು ಮಾಡಿ ಕೂರುತ್ತಿದ್ದ. ಒಬ್ಬೊಬ್ಬರು ಒಂದೊಂದು ಹಿಡಿ ಮಣ್ಣನ್ನು ಅವನ ಬೆನ್ನಿಗೆ ಒತ್ತಿ ಹೋಗುತ್ತಿದ್ದರು. ಬೆಳಗಾಗುವವರೆಗೆ ತೊಳೆಯುವಂತಿಲ್ಲ. ಅದರ ಮೇಲೆಯೇ ಅಂಗಿ ತೊಟ್ಟು ಮಲಗಬೇಕು.

ಯಾರಿಗೂ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಎಂದಾದರೂ ಆರುತ್ತಿತ್ತು. ಮಣ್ಣು ಒತ್ತುತ್ತಲೇ ಮಂಡಿ ನೋವು ಹೇಗಿದೆ ಎಂದು ಕೇಳುತ್ತಿದ್ದರು. ಮೆಂತ್ಯ ನೆನೆಸಿ ತಿನ್ನು ಎನ್ನುತ್ತಿದ್ದರು. ಮನೆಯ ಹಸು ಕರು ಹಾಕಿದ್ದನ್ನು, ಸೊಸೆ ಮುನಿಸಿಕೊಂಡದ್ದನ್ನು ಅವನ ಬೆನ್ನಿಗೆ ಹೇಳಿಕೊಳ್ಳುತ್ತಿದ್ದರು. ಮುಖಕ್ಕೆ ಹೇಳಲಾಗದ್ದನ್ನು ಬೆನ್ನಿಗೆ ಹೇಳುವುದು ಸುಲಭ. ಊರಿನ ಗುಟ್ಟುಗಳೆಲ್ಲ ಆ ಬೆನ್ನಿಗೆ ಗೊತ್ತಿದ್ದವು.

ಗೋಡೆಯ ಮುಂದಿನ ಬೆಂಚು ಒಬ್ಬ ಮುದುಕಿಯದು. ಒಂದು ಸಂಜೆಯೂ ತಪ್ಪಿಸಿದವಳಲ್ಲ. ಮಣ್ಣು ಒತ್ತುವಾಗ ಅವಳು ಬೆನ್ನು ತಟ್ಟಿ ಹೇಳುತ್ತಿದ್ದಳು: "ಇವತ್ತು ಚೆನ್ನಾಗಿ ಬಿದ್ದೆ ಕಣಯ್ಯ. ನಿನ್ನೆಗಿಂತ ಚೆನ್ನಾಗಿ."

"ಅಭ್ಯಾಸ ಕಣಮ್ಮ," ಅನ್ನುತ್ತಿದ್ದ ಅವನು.

ತನ್ನ ಬೆನ್ನನ್ನು ತಾನೇ ತೊಳೆದುಕೊಳ್ಳಲು ಯಾರಿಗೂ ಆಗುವುದಿಲ್ಲ. ಮಣ್ಣು ಹಚ್ಚಿದ ಊರಿನವರು ತೊಳೆಯುವಂತಿಲ್ಲ. ಅದೇ ಮನೆಯ ಅನ್ನ ಉಣ್ಣುವ ಅವನ ಮಗಳೂ ತೊಳೆಯುವಂತಿಲ್ಲ. ಗೆದ್ದವನ ಬಗ್ಗೆ ಮಾತ್ರ ಕಟ್ಟಳೆ ಏನೂ ಹೇಳಿರಲಿಲ್ಲ, ಯಾಕೆಂದರೆ ಅಂಥ ಕೆಲಸಕ್ಕೆ ಅವನು ಬಂದಾನು ಎಂದು ಯಾರಿಗೂ ಹೊಳೆದಿರಲಿಲ್ಲ. ಗರಡಿಯಲ್ಲಿ ಒಂದು ಹಳೆಯ ರೂಢಿ ಇತ್ತು: ಕೆಡವಿದವನೇ ಬಿದ್ದವನನ್ನು ಎಬ್ಬಿಸಬೇಕು, ಅವನ ಬೆನ್ನಿನ ಮಣ್ಣನ್ನು ತನ್ನ ಕೈಯಿಂದಲೇ ಒರೆಸಬೇಕು. ಕುಸ್ತಿ ಮುಗಿಯುವುದು ಆಗಲೇ. ಸಿನಿಮಾದವರಿಗೆ ಅದು ಗೊತ್ತಿರಲಿಲ್ಲ. ಅವರು ಅದಕ್ಕೆ ಮೊದಲೇ ಮುಗಿಸಿಬಿಟ್ಟಿದ್ದರು.

ಹಾಗಾಗಿ ಪ್ರತಿ ಬೆಳಗ್ಗೆ, ಬಿಸಿಲು ಬೀದಿಗೆ ಇಳಿಯುತ್ತಿದ್ದಂತೆ, ಗೆದ್ದವನು ಬಿದ್ದವನ ಹಿತ್ತಿಲಿಗೆ ಬರುತ್ತಿದ್ದ. ಬಚ್ಚಲ ಕಲ್ಲಿನ ಮೇಲೆ ಅವನನ್ನು ಕೂರಿಸಿ ಎಡಗೈಯಿಂದ ಬೆನ್ನು ತೊಳೆಯುತ್ತಿದ್ದ. ಮೊದಲು ನೀರು ಹಾಕಿ ನೆನೆಸಿ, ಆಮೇಲೆ ತೆಂಗಿನ ನಾರಿನಿಂದ ಉಜ್ಜಿ, ಬೆನ್ನುಮೂಳೆಯ ಗುಂಟ ಉಗುರಿನಿಂದ ಬಿಡಿಸಿ. ಮಗಳು ಬಿಸಿನೀರು ತಂದಿಟ್ಟು, "ದೊಡ್ಡಪ್ಪ, ಸಾಕಾ?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಇಬ್ಬರು ಗಂಡಸರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದರೂ ಹವೆ, ಮಳೆ, ಹಲ್ಲು. ಸಿನಿಮಾದ ಮಾತು ಮಾತ್ರ ಒಂದು ದಿನವೂ ಎತ್ತಿರಲಿಲ್ಲ.

ಕೆಂಪು ನೀರು ಹಿತ್ತಿಲಿನಿಂದ ಬೀದಿಯ ಚರಂಡಿಗೆ ಹರಿಯುತ್ತಿತ್ತು. ಆ ಚರಂಡಿಯನ್ನು ದಾಟುವಾಗ ಹೆಂಗಸರು ಸೀರೆ ಎತ್ತಿ ಹಿಡಿಯುತ್ತಿದ್ದರು. ಮಗಳು ಅದನ್ನು ಅಡುಗೆಮನೆಯ ಕಿಟಕಿಯಿಂದ ಹುಟ್ಟಿದಾಗಿನಿಂದ ನೋಡಿದ್ದಳು. ಯಾರು ಎಷ್ಟು ಎತ್ತಿ ಹಿಡಿಯುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು.

ಒಂದು ಚಳಿಗಾಲ ಬಿದ್ದವನಿಗೆ ಕೆಮ್ಮು ಹತ್ತಿತು. ಹಸಿ ಮಣ್ಣಿನ ಮೇಲೆ ಮಲಗುವವನಿಗೆ ಕೆಮ್ಮು ಬರದೆ ಇನ್ನೇನು ಬಂದೀತು. ಕೆಮ್ಮು ಹೋಗಲಿಲ್ಲ. ಸಂಜೆ ಮಣ್ಣು ಒತ್ತಲು ಬಂದವರ ಕೈಗೆ ಅವನ ಪಕ್ಕೆಲುಬುಗಳು ಸಿಗತೊಡಗಿದವು. ಅವರು ಮಣ್ಣು ಒತ್ತಿ, ತಲೆ ಎತ್ತಿ, ಬಾಗಿಲಲ್ಲಿ ನಿಂತ ಮಗಳನ್ನು ಒಂದು ಸಲ ನೋಡುತ್ತಿದ್ದರು. ಮುಖವನ್ನಲ್ಲ.

ಮುಂದಿನ ಬೆಂಚಿನ ಮುದುಕಿ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. "ತಿರುಗು ಮಗಾ, ನೋಡೋಣ," ಅಂದಳು. ಮಗಳು ತಿರುಗಿದಳು. "ಅಪ್ಪನಷ್ಟು ಅಗಲ ಇಲ್ಲ. ಆದ್ರೂ ನಡೆಯುತ್ತೆ."

ಗೋಡೆ ಇರುವವರೆಗೆ ಒಂದು ಬೆನ್ನು ಬೇಕಿತ್ತು. ಅಪ್ಪನ ಬೆನ್ನು ಮುಗಿದ ಮೇಲೆ ಅದು ಮಗಳದ್ದು. ಅದನ್ನು ಯಾರೂ ತೀರ್ಮಾನ ಮಾಡಿರಲಿಲ್ಲ; ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಮಗಳು ಅತ್ತವಳಲ್ಲ. ಆ ಊರಿನಲ್ಲಿ ಕೆಂಪು ಬಟ್ಟೆಯನ್ನು ಯಾರೂ ತೊಡುತ್ತಿರಲಿಲ್ಲ, ಮದುಮಗಳೂ ಹಳದಿಯನ್ನೇ ಉಡುತ್ತಿದ್ದಳು. ಒಂದು ಮಧ್ಯಾಹ್ನ ಮಗಳು ಹೊಲಿಗೆಯವನ ಹತ್ತಿರ ಹೋಗಿ ಎರಡು ಕೆಂಪು ಕುಪ್ಪಸ ಹೊಲಿಯಲು ಹೇಳಿ ಬಂದಳು. ಬೆನ್ನು ಇಳಿಸಿ ಹೊಲಿಯುತ್ತೀಯಾ, ಹಾಗಾದರೆ ಕಳಚುವುದು ಬೇಕಾಗಲ್ಲ, ಎಂದು ಕೇಳಿದಳಂತೆ. ಅಪ್ಪನಿಗೆ ಅದನ್ನು ಹೊಲಿಗೆಯವನೇ ಬೆನ್ನಿಗೆ ಮಣ್ಣು ಒತ್ತುವಾಗ ಹೇಳಿದ. ಹೇಳಿ, ಪಾಪ ಒಳ್ಳೆ ಹುಡುಗಿ, ಮುಂದಾಲೋಚನೆ ಇದೆ, ಅಂದ.

ಅಂದು ಬಿದ್ದವನು ಊಟ ಮಾಡಲಿಲ್ಲ. ತನ್ನ ಬೆನ್ನಿಗೆ ಇಷ್ಟು ವರ್ಷ ಬಿದ್ದ ಮಣ್ಣು ಅವನಿಗೆ ಭಾರವಾಗಿರಲಿಲ್ಲ. ಇನ್ನೂ ಬೀಳದ ಮಣ್ಣು ಭಾರವಾಯಿತು.

ಆಗ ಬಂದಳು ಚಿತ್ರದವಳು.

ಅವಳು ಎಲ್ಲಿಂದ ಬಂದಳು ಎಂದು ಯಾರೂ ಕೇಳಲಿಲ್ಲ. ಹಿಂದಿನವರೂ ಹೇಳಿರಲಿಲ್ಲ. ಜೊತೆಗೆ ನಾಲ್ಕಾರು ಜನ, ದೀಪಗಳು, ಛತ್ರಿಗಳು. ಮೆಲ್ಲಗೆ ಮಾತಾಡುತ್ತಿದ್ದಳು, ಎದುರಿಗಿದ್ದವರ ಕೈ ಹಿಡಿದುಕೊಂಡು ಮಾತಾಡುತ್ತಿದ್ದಳು. ಹಳೆಯ ಚಿತ್ರಕ್ಕೆ ಮುಂದಿನ ಭಾಗ ಮಾಡುತ್ತೇವೆ, ಒಂದೇ ಸಲಕ್ಕೆ ಮುಗಿಯುವುದಲ್ಲ, ಕಂತು ಕಂತಾಗಿ ಬರುತ್ತದೆ ಎಂದಳು. ಇಷ್ಟು ವರ್ಷ ನೀವು ಗೆದ್ದವನ ಕಣ್ಣಿನಿಂದ ನೋಡಿದಿರಿ, ಇನ್ನು ಬಿದ್ದವನ ಕಣ್ಣಿನಿಂದ ನೋಡಿ ಎಂದಳು. ಊರಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಿದ್ದವನಿಗೆ ಕಣ್ಣುಗಳಿವೆ ಎಂಬುದು ಅವರಿಗೆ ಹೊಸ ವಿಷಯ.

ಗೋಡೆ ನೋಡಿಕೊಳ್ಳುವವನೊಬ್ಬನಿದ್ದ, ಸುಣ್ಣ ಬಳಿಸುವುದು, ಸಿನಿಮಾ ಬಿಡುವುದು, ಕಟ್ಟಳೆ ಹೇಳುವುದು ಅವನ ಕೆಲಸ. ಗೋಡೆಯ ಮೇಲೆ ಬಂದರೆ ಬಂತು, ನಮ್ಮದೇನಿದೆ, ಎಂದು ಅವನು ಒಪ್ಪಿದ.

ಚಿತ್ರದವಳು ಬಿದ್ದವನ ಜಗುಲಿಯಲ್ಲಿ ಚಾಪೆ ಹಾಕಿಸಿಕೊಂಡು ಕುಳಿತಳು. ನೀವು ಯಾಕೆ ಕೆಟ್ಟವರಾದಿರಿ ಎಂದು ಕೇಳಿದಳು.

ಅವನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವನು ಹೇಳಿದ: "ನನಗೆ ಕೆಂಪು ಚಡ್ಡಿ ಕೊಟ್ಟರು, ತಾಯಿ. ಅವನಿಗೆ ಬಿಳಿ."

ಅದು ಸಾಲುವುದಿಲ್ಲ ಎಂದಳು ಅವಳು. ಬಟ್ಟೆಯಿಂದ ಯಾರೂ ಕೆಟ್ಟವರಾಗುವುದಿಲ್ಲ, ಒಳಗೆ ಒಂದು ಗಾಯ ಇರಬೇಕು, ಜನ ಗಾಯವನ್ನು ನೋಡಲು ಬರುತ್ತಾರೆ. ಅಪ್ಪ ಹೊಡೆಯುತ್ತಿದ್ದನೇ? ಇಲ್ಲ, ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗುತ್ತಿದ್ದ. ತಾಯಿ ಬಿಟ್ಟು ಹೋಗಿದ್ದಳೇ? ಇಲ್ಲ, ಅವಳ ಕೈಯ ಹುಳಿಸಾರು ಊರಿಗೇ ಗೊತ್ತಿತ್ತು. ಹಸಿವು? ಗುರು ಭೇದ ಮಾಡಿದನೇ? ಹಾಲು ಇಬ್ಬರಿಗೂ ಒಂದೇ ಚೊಂಬಿನಲ್ಲಿ ಹಾಕುತ್ತಿದ್ದ. ಪ್ರತಿ ಉತ್ತರಕ್ಕೂ ಚಿತ್ರದವಳ ಮುಖ ಸ್ವಲ್ಪ ಸ್ವಲ್ಪ ಬಾಡುತ್ತಿತ್ತು. ಕಷ್ಟಪಟ್ಟು ಬಂದ ನೆಂಟರಿಗೆ ಬಡಿಸಲು ಮನೆಯಲ್ಲಿ ಏನೂ ಇಲ್ಲದ ಹಾಗೆ ಬಿದ್ದವನಿಗೆ ನಾಚಿಕೆಯಾಯಿತು.

ಕೊನೆಗೆ ಅವಳು ಹಳೆಯ ಸಿನಿಮಾವನ್ನು ಒಂದು ಸಣ್ಣ ಪರದೆಯ ಮೇಲೆ ಹಾಕಿದಳು. ನಿಧಾನಕ್ಕೆ ಓಡಿಸಿದಳು. ಅಷ್ಟು ನಿಧಾನದಲ್ಲಿ ಬಿದ್ದವನು ತಾನು ಬೀಳುವುದನ್ನು ಎಂದೂ ನೋಡಿರಲಿಲ್ಲ. ಎಲೆ ಉದುರುವ ಹಾಗೆ ಬೀಳುತ್ತಿದ್ದ. ಒಂದು ಕಡೆ ಅವಳು ನಿಲ್ಲಿಸಿದಳು. ಗೆದ್ದವನ ಎಡಗೈ ಮುಷ್ಟಿ ಕಟ್ಟಿತ್ತು.

"ಈ ಮುಷ್ಟಿಯಲ್ಲಿ ಏನಿದೆ?"

ಏನೂ ಇರಲಿಲ್ಲ. ಹಿಡಿತ ಜಾರಿದಾಗ ಕೈ ತಾನಾಗಿ ಮುಚ್ಚಿಕೊಳ್ಳುತ್ತದೆ, ಗರಡಿಗೆ ಇಳಿದವರಿಗೆಲ್ಲ ಗೊತ್ತು. ಅವನು ಹಾಗೆಂದು ಹೇಳಿದ. ಅವಳು ತಲೆಯಾಡಿಸಿ, ಹಾಗಲ್ಲ, ಇನ್ನೊಂದು ಸಲ ನೋಡಿ, ಎಂದಳು. ಮಣ್ಣಿರಬಹುದೇ? ನಿಮ್ಮ ಕಣ್ಣಿಗೆ ಎರಚಿದನೇ? ಕಣ್ಣು ಕಾಣದ್ದರಿಂದಲೇ ನೀವು ಬಿದ್ದಿರಾ? ಹಾಗಿದ್ದರೆ ನಿಮ್ಮ ಇಷ್ಟು ವರ್ಷಕ್ಕೂ ಒಂದು ಅರ್ಥ ಬರುತ್ತದಲ್ಲವೇ? ಅವಳ ದನಿಯಲ್ಲಿ ಮೋಸವಿರಲಿಲ್ಲ. ನಿಜವಾಗಿಯೂ ಅವನಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದಳು.

ಹಿತ್ತಿಲಿನಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಮಗಳು ಅಂಗಿಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ಬಡಿದು, ಹಿಂಡಿ, ಮತ್ತೆ ಬಡಿಯುತ್ತಿದ್ದಳು.

"ನಾನು ಹೇಳಿದ್ದು ಗೋಡೆಯ ಮೇಲೆ ಬರುತ್ತಾ?" ಎಂದು ಕೇಳಿದ.

"ನೀವು ಹೇಳಿದ್ದೇ ಬರೋದು."

"ಎರಚಿದ," ಅಂದ ಬಿದ್ದವನು.

ಜಗುಲಿಯ ಮಾತು ಹಿತ್ತಿಲಿಗೆ ಕೇಳಿಸಿತ್ತು. ಸಂಜೆ ಮಗಳು ಅನ್ನ ಬಡಿಸುತ್ತಾ, ದೊಡ್ಡಪ್ಪ ಹಾಗೆ ಮಾಡಿದ್ದು ನಿಜವೇ ಎಂದು ಕೇಳಿದಳು. ಅವನು ತಟ್ಟೆ ನೋಡುತ್ತಾ ಇಲ್ಲ ಅಂದ. ಅವಳು ಸಾರು ಹಾಕಿದಳು. ಆಮೇಲೆ ಉಪ್ಪು ಸಾಕೇ ಎಂದು ಕೇಳಿದಳು. ಅವಳು ಕೇಳಿದ್ದು ಅಷ್ಟೇ. ಮರುದಿನ ಹೊಲಿಗೆಯವನ ಹತ್ತಿರ ಹೋಗಿ, ಕುಪ್ಪಸಕ್ಕೆ ಆತುರವಿಲ್ಲ, ಹೇಳಿ ಕಳಿಸುತ್ತೇನೆ, ಎಂದು ಬಂದಳು.

ಮರುದಿನ ಬೆಳಗ್ಗೆಯೂ ಗೆದ್ದವನು ಬಂದ. ಬಚ್ಚಲ ಕಲ್ಲಿನ ಮೇಲೆ ಬಿದ್ದವನು ಕೂತ. ನೀರು ಬಿತ್ತು, ನಾರು ಓಡಿತು. ಅಂದು ಮೊದಲ ಬಾರಿಗೆ ಗೆದ್ದವನು ಸಿನಿಮಾದ ಮಾತೆತ್ತಿದ. ನಿನ್ನ ಕಡೆಯ ಕಥೆ ಮಾಡುತ್ತಾರಂತೆ, ಒಳ್ಳೆಯದಾಯಿತು, ಎಂದೋ ಮಾಡಬೇಕಿತ್ತು, ಅಂದ. ಚಿತ್ರದವಳು ಗರಡಿಯ ಬೀಗದಕೈ ಕೇಳಿದಳು, ಕೊಟ್ಟಿದ್ದೇನೆ; ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಲಿ, ಅಂದ. ನನಗೂ ಈ ಕೈ ಎತ್ತಿ ಎತ್ತಿ ಸಾಕಾಗಿದೆ ಮಾರಾಯ, ಎಂದು ನಕ್ಕ.

ಬಿದ್ದವನು ಅವನ ಕಡೆಗೆ ಬೆನ್ನು ಮಾಡಿ ಕೂತಿದ್ದ. ಬೆನ್ನು ಮಾಡಿ ಕೂರುವುದರಲ್ಲಿ ಒಂದು ಅನುಕೂಲವಿದೆ ಎಂಬುದು ಅವನಿಗೆ ಅಂದು ತಿಳಿಯಿತು.

ಹೊಸ ಚಿತ್ರ ಗೋಡೆಯ ಮೇಲೆ ಕಂತು ಕಂತಾಗಿ ಬಂತು. ಬಿದ್ದವನ ಪಾತ್ರಕ್ಕೆ ಎಲ್ಲಿಂದಲೋ ತಂದ ಹುಡುಗನೊಬ್ಬ. ಅವನ ಕಣ್ಣಿನಲ್ಲಿ ಯಾವಾಗಲೂ ನೀರಿತ್ತು. ಈ ಸಲ ಕೊಳಲು ನುಡಿದದ್ದು ಅವನಿಗಾಗಿ. ಮೊದಲ ಕಂತಿನಲ್ಲಿ ಅವನ ತಾಯಿ ಮಳೆಯಲ್ಲಿ ಅವನನ್ನು ಬಿಟ್ಟು ಹೋದಳು. ಊರಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆ ಹೆಂಗಸಿನ ಹುಳಿಸಾರು ಉಂಡವರು ಅವರಲ್ಲಿ ಎಷ್ಟೋ ಜನ ಇದ್ದರು. ಆದರೂ ಎಂಥ ಕಲ್ಲು ಮನಸ್ಸಿನವಳು ಎಂದುಕೊಂಡು ಮನೆಗೆ ಹೋದರು. ಬಿದ್ದವನು ಹಿಂದಿನ ಸಾಲಿನಲ್ಲಿ ಕೂತು ನೋಡಿದ. ತಾಯಿಯ ಮುಖ ನೆನಪು ಮಾಡಿಕೊಳ್ಳಲು ನೋಡಿದರೆ ಗೋಡೆಯ ಮೇಲಿನವಳ ಮುಖವೇ ಬಂತು. ತಾಯಿ ಅವನನ್ನು ಬಿಟ್ಟುಹೋದದ್ದು ಅಂದು, ಹೀಗೆ.

ಆ ಸಂಜೆಯೂ ಮಣ್ಣು ಬಂತು, ಆದರೆ ಕೈಗಳು ಮೆತ್ತಗಿದ್ದವು. ಕೆಲವು ದಿನಗಳ ಮೇಲೆ ಮಣ್ಣಿಗೆ ಯಾರೋ ಗಂಧ ಬೆರೆಸಿದ್ದರು. ಆಮೇಲೆ ಒಂದು ಹಿಡಿಯ ಬದಲು ಒಂದು ಚಿಟಿಕೆ. ಹೆಂಗಸರು ಚರಂಡಿ ದಾಟುವಾಗ ಸೀರೆಯನ್ನು ಸ್ವಲ್ಪವೇ ಎತ್ತಿದರು. ಹೊಲಿಗೆಯವನು ಅವನನ್ನು ಯಜಮಾನರೇ ಎಂದು ಕರೆದು, ಕರೆದದ್ದಕ್ಕೆ ತಾನೇ ಬೆಚ್ಚಿ ನಕ್ಕ. ಮಗಳಿಗೆ ಬಾವಿಕಟ್ಟೆಯಲ್ಲಿ ಯಾರೋ ಹಗ್ಗ ಬಿಟ್ಟುಕೊಟ್ಟರು. ಅವಳು ಕೊಡ ತುಂಬಿಕೊಂಡು ಬಂದು, ಅಡುಗೆಮನೆಯಲ್ಲಿ ಇಳಿಸಿ, ಅದರ ಪಕ್ಕದಲ್ಲೇ ಬಹಳ ಹೊತ್ತು ಕೂತಿದ್ದಳು.

ಮುಷ್ಟಿಯ ಕಂತು ಕೊನೆಗೆ ಬಂತು. ಗೋಡೆಯ ತುಂಬ ಒಂದೇ ಒಂದು ಕೈ. ಬೆರಳುಗಳು ಮಣ್ಣಿಗೆ ಇಳಿದವು, ಮುಚ್ಚಿಕೊಂಡವು, ಮೇಲೆ ಬಂದವು, ಬಿಚ್ಚಿಕೊಂಡವು. ಮಣ್ಣು ಹಾರಿತು. ಕೊಳಲು ನಿಂತಿತು. ಹುಡುಗ ಕಣ್ಣು ಹಿಡಿದುಕೊಂಡು ಅಂಗಾತ ಬಿದ್ದ, ಮತ್ತು ಇಷ್ಟು ವರ್ಷಗಳ ಮೇಲೆ, ಗೋಡೆಯ ಮೇಲೆ, ಎಲ್ಲರೂ ನೋಡುತ್ತಿದ್ದಂತೆ, ಎದ್ದು ನಿಂತ.

ಗೋಡೆ ನೋಡಿಕೊಳ್ಳುವವನು ಹಳೆಯ ಸಿನಿಮಾವನ್ನು ಇನ್ನೊಂದು ಸಲ ಬಿಟ್ಟ. ಈ ಸಲ ಎಲ್ಲರಿಗೂ ಮುಷ್ಟಿ ಕಂಡಿತು. ಮುಷ್ಟಿ ಕಂಡವರಿಗೆ ಮಣ್ಣೂ ಕಂಡಿತು. ಕಾಣದವರಿಗೆ ಪಕ್ಕದವರು ಬೆರಳು ಮಾಡಿ ತೋರಿಸಿದರು. ಮುಂದಿನ ಬೆಂಚಿನ ಮುದುಕಿ ಎದ್ದು ನಿಂತು ಹೇಳಿದಳು: "ನಾನು ಎಲ್ಲರಿಗಿಂತ ಮುಂದೆ ಕೂರುವವಳು. ನನಗೆ ಆವತ್ತೇ ಕಂಡಿತ್ತು. ಯಾರಾದ್ರೂ ಕೇಳಿದ್ರಾ?"

ಬಿದ್ದವನ ಮನೆಗೆ ಅಂದು ಮಣ್ಣು ಬರಲಿಲ್ಲ. ಅವನು ಅಂಗಿ ಕಳಚಿ, ಬೀದಿಗೆ ಬೆನ್ನು ಮಾಡಿ, ಊರು ಮಲಗುವವರೆಗೆ ಕೂತಿದ್ದ. ಮಗಳು ಬಂದು ಅಂಗಿ ತೊಡಿಸಿದಳು.

ಮರುದಿನ ಬೆಳಗ್ಗೆ ಗೋಡೆ ನೋಡಿಕೊಳ್ಳುವವನು ಕಟ್ಟಳೆ ಹೇಳಿದ. ಗೋಡೆಯ ಮೇಲೆ ಆದದ್ದು ಆದದ್ದೇ; ಬೆನ್ನಿನದು ಮುಗಿಯಿತು, ಇನ್ನು ಕಣ್ಣಿನದು. ಗೆದ್ದವನ ಕಣ್ಣಿಗೆ, ಪ್ರತಿ ಸಂಜೆ. ಬೆಳಗಾಗುವವರೆಗೆ ತೊಳೆಯುವಂತಿಲ್ಲ. ತೊಳೆಯುವವರು ಯಾರು ಎಂಬುದರ ಬಗ್ಗೆ ಈ ಸಲ ಸ್ಪಷ್ಟವಾಗಿ ಹೇಳಿದ: ಯಾರೂ ಇಲ್ಲ.

ಎಣ್ಣೆ, ಮಜ್ಜಿಗೆ ಹಾಕಿದ ಮಣ್ಣು ಹಾರುವುದಿಲ್ಲ, ಆದ್ದರಿಂದ ಒಣಮಣ್ಣು ಬೇಕಾಯಿತು. ಹೆಂಗಸರು ಗರಡಿಯ ಅಂಗಳದಲ್ಲಿ ಕೂತು ಮಣ್ಣನ್ನು ಜರಡಿ ಹಿಡಿದರು. ಕಣ್ಣಿಗೆ ಹಾಕುವುದು, ಕಲ್ಲಿರಬಾರದು, ಎಂದು ಒಬ್ಬಳು ಅಂದಳು. ಬಟ್ಟೆಯಲ್ಲಿ ಇನ್ನೊಂದು ಸಲ ಸೋಸೋಣ ಎಂದಳು ಮತ್ತೊಬ್ಬಳು. ಮಗುವಿನ ಗಂಜಿಗೆ ರಾಗಿ ಸೋಸುವಷ್ಟು ನಾಜೂಕಾಗಿ ಸೋಸಿದರು. ಮಗಳನ್ನೂ ಕರೆದು ಕೂರಿಸಿಕೊಂಡರು. ಅವಳು ಎಲ್ಲರ ನಡುವೆ, ಮಂಡಿ ಮಡಿಸಿ, ಜರಡಿಯ ಒಂದು ಅಂಚು ಹಿಡಿದು ಕೂತಳು. ಯಾರೋ ಅವಳ ಜಡೆಗೆ ಹೂವು ಮುಡಿಸಿದರು.

ಚಿತ್ರದವಳು ಅಷ್ಟು ಹೊತ್ತಿಗೆ ಹೊರಟು ಹೋಗಿದ್ದಳು. ಬೇರೊಂದು ಊರಿನಲ್ಲಿ ಬೇರೊಬ್ಬ ಬಿದ್ದವನಿದ್ದಾನೆ ಎಂದು ಅವಳಿಗೆ ಸುದ್ದಿ ಬಂದಿತ್ತಂತೆ.

ಸಂಜೆ ಊರೆಲ್ಲ ಗೆದ್ದವನ ಮನೆಗೆ ಹೊರಟಿತು. ಮುಂದೆ ಬಿದ್ದವನು, ಅವನ ಪಕ್ಕದಲ್ಲಿ ಹಳದಿ ಸೀರೆ ಉಟ್ಟ ಮಗಳು. ಮೊದಲ ಹಿಡಿ ಅವನದ್ದೇ ಆಗಬೇಕು ಎಂದು ಎಲ್ಲರೂ ಒಪ್ಪಿದ್ದರು, ಅವನು ಬೇಡ ಎಂದದ್ದನ್ನು ದೊಡ್ಡತನ ಎಂದುಕೊಂಡಿದ್ದರು.

ಗೆದ್ದವನು ಜಗುಲಿಯ ಮೇಲೆ ನಿಂತಿರಲಿಲ್ಲ, ಕೂತಿದ್ದ. ಬಲಗೈ ತೊಡೆಯ ಮೇಲಿತ್ತು. ಅವನೂ ನಿನ್ನೆ ತನ್ನ ಬೆಂಚಿನಲ್ಲಿ ಕೂತು ಗೋಡೆ ನೋಡಿದ್ದ. ಬಂದವರನ್ನು ನೋಡಿ ಸರಿದು ಕೂತು ಜಾಗ ಮಾಡಿದ. ಗೋಡೆ ನೋಡಿಕೊಳ್ಳುವವನು ಕಟ್ಟಳೆ ಹೇಳಲು ಹೊರಟಾಗ, ಗೊತ್ತಪ್ಪಾ, ಒಂದು ಮಾತು ಕೇಳಿ ಆಮೇಲೆ, ಎಂದು ತಡೆದ. ಬಿದ್ದವನನ್ನು ನೋಡಿದ.

"ನನಗೆ ನೆನಪಾಗ್ತಿಲ್ಲ ಕಣೋ. ಮುಷ್ಟಿ ಕಟ್ಟಿದ್ದು ಹೌದು, ನಾನೂ ನೋಡಿದೆ. ಒಳಗೆ ಏನಿತ್ತು ಅಂತ ಗೊತ್ತಾಗ್ತಿಲ್ಲ. ಈಗ ಯೋಚನೆ ಮಾಡಿದ್ರೆ ಬೆರಳಿಗೆ ಮಣ್ಣು ತಗುಲಿದ ಹಾಗೇ ಅನ್ನಿಸುತ್ತೆ. ಅಲ್ಲಿದ್ದವರು ನಾವಿಬ್ಬರೇ. ಅವರು ಹೇಳೋದು ಬೇಡ, ನೀನು ಹೇಳು. ನಾನು ಎರಚಿದೆನಾ?"

ಬಿದ್ದವನಿಗೆ ಪಕ್ಕದಲ್ಲಿ ಮಗಳ ಉಸಿರು ಕೇಳಿಸುತ್ತಿತ್ತು. ಅವಳು ಊರಿನ ಮುಂದಿನ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ನೆಟ್ಟಗೆ ನಿಂತಿದ್ದಳು. ಅವಳ ಹಿಂದೆ ನಿಂತವರೆಲ್ಲ ಅವಳ ಬೆನ್ನನ್ನು ನೋಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ.

"ಎರಚಿದೆ," ಅಂದ ಬಿದ್ದವನು.

ಗೆದ್ದವನು ನಿಧಾನವಾಗಿ ತಲೆಯಾಡಿಸಿದ. ಅವನ ಮುಖದಲ್ಲಿ ಒಂದು ಬಗೆಯ ನಿರಾಳವಿತ್ತು, ಕಳೆದುಹೋದದ್ದು ಎಲ್ಲಿ ಕಳೆಯಿತು ಎಂದಾದರೂ ಗೊತ್ತಾದವನ ನಿರಾಳ. "ಹಾಗಾದ್ರೆ ದೊಡ್ಡ ತಪ್ಪು ಮಾಡಿದೆ. ಇಷ್ಟು ವರ್ಷ ಬೆಳಗಾದ್ರೆ ನಿನ್ನ ಬೆನ್ನು ಮುಟ್ಟಿದೆ. ನೀನು ಒಂದು ಮಾತು ಆಡಲಿಲ್ಲ. ನಾನಾಗಿದ್ರೆ ಸುಮ್ಮನಿರ್ತಿರಲಿಲ್ಲ. ಕ್ಷಮಿಸಿಬಿಡೋ."

ಬಿದ್ದವನ ಗಂಟಲಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿದ. ಊರು ಕಾಯುತ್ತಿತ್ತು.

"ಬಿಡು. ಹಳೇ ಮಾತು," ಅಂದ.

ಎಂಥ ಮನಸ್ಸು ಎಂದು ಯಾರೋ ಹಿಂದಿನಿಂದ ಉಸಿರು ಬಿಟ್ಟರು. ಮುಂದಿನ ಬೆಂಚಿನ ಮುದುಕಿ ಕಣ್ಣೊರೆಸಿಕೊಂಡು, ಇದು ಗೋಡೆಯ ಮೇಲೆ ಬರಬೇಕಿತ್ತು, ಅವಳು ಬೇಗ ಹೊರಟುಬಿಟ್ಟಳು, ಎಂದು ಪೇಚಾಡಿದಳು.

ಬಾಂಡಲೆ ಬಂತು. ಮಣ್ಣು ಹಿಟ್ಟಿನ ಹಾಗೆ ನುಣ್ಣಗಿತ್ತು. ಬಿದ್ದವನು ಒಂದು ಹಿಡಿ ತೆಗೆದುಕೊಂಡ. ಗೆದ್ದವನು ಕಣ್ಣು ಮುಚ್ಚಲಿಲ್ಲ, ಅವನಿಗೆ ಸುಲಭವಾಗಲಿ ಎಂದು ಮುಖವನ್ನು ಸ್ವಲ್ಪ ಎತ್ತಿ ಹಿಡಿದ. ಬಿದ್ದವನ ಕೈ ಮೇಲೆ ಹೋಯಿತು, ಅಲ್ಲೇ ನಿಂತಿತು, ನಡುಗಿತು. ಬೆರಳ ಸಂದಿನಿಂದ ಮಣ್ಣು ಸೋರಿ ಗೆದ್ದವನ ಗಡ್ಡದ ಮೇಲೆ, ಅಂಗಿಯ ಮೇಲೆ ಬಿತ್ತು. ಕೈ ಖಾಲಿಯಾಯಿತು. ಕಣ್ಣಿಗೆ ಒಂದು ಕಣವೂ ಹೋಗಿರಲಿಲ್ಲ.

ಗೋಡೆ ನೋಡಿಕೊಳ್ಳುವವನು ಮುಜುಗರದಿಂದ ಕೆಮ್ಮಿದ. ವಯಸ್ಸಾಗಿದೆ, ಕೈ ನಡುಗುತ್ತೆ, ಇದನ್ನು ಲೆಕ್ಕಕ್ಕೆ ಹಿಡಿಯೋದು ಹೇಗೆ, ಅಂದ. ಅವರ ಮನೆಯವರೇ ಯಾರಾದರೂ ಮಾಡಿದರೂ ನಡೆಯುತ್ತದೆ, ಅಂದ.

ಬಿದ್ದವನು ಮಗಳ ಕಡೆ ತಿರುಗಿದ. ಇಡೀ ಬೀದಿಯಲ್ಲಿ ನಿಜ ಗೊತ್ತಿದ್ದ ಇನ್ನೊಬ್ಬಳು ಅವಳು. ಅವಳು ಅಪ್ಪನನ್ನು ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು, ಬಾಂಡಲೆಗೆ ಬಗ್ಗಿದಳು, ಬೇಕಾದಷ್ಟೇ ಮಣ್ಣು ತೆಗೆದುಕೊಂಡಳು. ಎಡಗೈಯಿಂದ ಮುದುಕನ ಗಲ್ಲ ಹಿಡಿದುಕೊಂಡಳು, ಮಗುವಿಗೆ ಕಾಡಿಗೆ ಹಚ್ಚುವಾಗ ಹಿಡಿಯುವ ಹಾಗೆ. ಅವಳ ಕೈ ನಡುಗಲಿಲ್ಲ.

ಗೆದ್ದವನು ಒಂದು ಸಲ ಉಸಿರು ಒಳಗೆಳೆದುಕೊಂಡ, ಅಷ್ಟೇ.

ಮಗಳು ಬೆರಳುಗಳನ್ನು ಕೊಡವಿ, ಮತ್ತೆ ಬಾಂಡಲೆಗೆ ಬಗ್ಗಿದಳು.

"ದೊಡ್ಡಪ್ಪ," ಅಂದಳು, "ಇನ್ನೊಂದು ಕಣ್ಣು."